ಕೀಚಲು ಕ್ಯಾಸೆಟ್ಟು, ಕಂಚಿನ ತಟ್ಟೆ

ಸರ್ವಮಂಗಳಮ್ಮನವರ ಕಂಚಿನ ತಟ್ಟೆಯ ವಿಷಯ ಎತ್ತದೆ ನನ್ನ ಕಂಪ್ಯೂಟರಿನ ಕಥೆ ಹೇಳುವುದಕ್ಕೆ ಆಗುವುದಿಲ್ಲ. ಎರಡೂ ಒಂದಕ್ಕೊಂದು ಗಂಟು ಬಿದ್ದಿವೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಒಂದು ಕಾಂಪೌಂಡ್ ಗೋಡೆ. ಗೋಡೆಯಾಚೆ ಅವರು, ಈಚೆ ನಾನು, ಮಧ್ಯೆ ಯುದ್ಧ. ನನಗಾಗ ಹನ್ನೆರಡು ವರ್ಷ. ನ್ಯಾಯ ನನ್ನ ಕಡೆಗೇ ಇದೆ ಅನ್ನುವುದರಲ್ಲಿ ನನಗೆ ಚೂರೂ ಅನುಮಾನ ಇರಲಿಲ್ಲ.

ನಮ್ಮೂರಲ್ಲಿ ಇವತ್ತಿನ ಸದ್ದು ನಾಳೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಇನ್ನೊಮ್ಮೆ ಕೇಳಿಸುತ್ತದೆ. ಒಂದೇ ಸಲ, ಮರಳಿ ಬಂದದ್ದು ಮತ್ತೆ ಬರುವುದಿಲ್ಲ. ಮದುವೆಗೆ ಓಲಗದವರನ್ನು ಒಂದು ದಿನಕ್ಕೆ ಕರೆಸಿದರೆ ಸಾಕು, ಬೀಗರ ಔತಣಕ್ಕೆ ಓಲಗ ತಾನಾಗಿ ಬರುತ್ತಿತ್ತು. ಶನಿವಾರ ಶಾಲೆ ತಪ್ಪಿಸಿದವರು ಭಾನುವಾರ ಕಿಟಕಿ ಕೆಳಗೆ ಕೂತು ಪಾಠ ಕೇಳಿಸಿಕೊಳ್ಳುತ್ತಿದ್ದರು. ಗಂಡ ಹೆಂಡತಿ ಜಗಳವಾಡಿದರೆ ಮರುದಿನ ಆ ಹೊತ್ತಿಗೆ ಮನೆಗೆ ಬೀಗ ಹಾಕಿಕೊಂಡು ಇಬ್ಬರೂ ಒಟ್ಟಿಗೆ ಪೇಟೆ ಕಡೆ ಹೊರಟುಬಿಡುತ್ತಿದ್ದರು. ಜೋಡಿಯಾಗಿ ಪೇಟೆಗೆ ಹೋಗುವವರನ್ನು ಕಂಡರೆ ನಮ್ಮ ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಮಗು ಅತ್ತರೂ, ದೊಡ್ಡವರು ಅತ್ತರೂ, ಊರಲ್ಲಿ ಎಲ್ಲರೂ ಹೇಳುತ್ತಿದ್ದ ಸಮಾಧಾನ ಒಂದೇ: ಅಳಬೇಡ, ನಾಳೆ ಇನ್ನೊಂದು ಸಲ ಕೇಳಬೇಕಾಗುತ್ತೆ.

ಕಂಚಿನ ಸದ್ದು ಮಾತ್ರ ಮರಳಿ ಬರುವುದಿಲ್ಲ. ಹಾಗಾಗಿ ಪ್ರತಿ ಮನೆಯ ಬಾಗಿಲ ಪಕ್ಕ ಮೊಳೆಗೆ ಒಂದು ಕಂಚಿನ ತಟ್ಟೆ, ಜೊತೆಗೊಂದು ಮರದ ಸೌಟು ನೇತಾಡುತ್ತಿತ್ತು. ಆಡಬಾರದ್ದೇನಾದರೂ ಆಡಿದ್ದರೆ ಮರುದಿನ ಆ ಹೊತ್ತಿಗೆ ಸರಿಯಾಗಿ ತಟ್ಟೆ ಬಡಿದು ಮಾತನ್ನು ಮುಚ್ಚಿಹಾಕುವುದು. ಯಾಕೆ ಬಡೀತೀರಿ ಅಂತ ಯಾರೂ ಕೇಳುವ ಹಾಗಿಲ್ಲ. ಹಾಗೆ ಕೇಳುವುದು ಉಣ್ಣುತ್ತಿರುವವರ ಎಲೆಯೊಳಗೆ ಬಗ್ಗಿ ನೋಡಿದಷ್ಟೇ ಅಸಹ್ಯ ಅಂತ ನಮಗೆಲ್ಲ ಚಿಕ್ಕಂದಿನಲ್ಲೇ ಕಲಿಸಿಬಿಟ್ಟಿದ್ದರು.

ಇಂಥ ಊರಿಗೆ ಗಜಾನನ ಮಾವ ಕಂಪ್ಯೂಟರ್ ತಂದರು. ಮಾವ ಅಮ್ಮನ ತಮ್ಮ, ಹಡಗಿನಲ್ಲಿ ಕೆಲಸ. ನಮ್ಮ ಜೊತೆಗೇ ಇದ್ದ ಅಜ್ಜಿಯನ್ನು ನೋಡಿಕೊಂಡು ಹೋಗುವುದಕ್ಕೆ ರಜೆಯಲ್ಲಿ ಬರುತ್ತಿದ್ದರು. ಆ ಸಲ ಅವರ ಪೆಟ್ಟಿಗೆಯಿಂದ ಹೊರಬಿದ್ದದ್ದು ಕಪ್ಪು ಬಣ್ಣದ ಒಂದು ಚಪ್ಪಟೆ ಡಬ್ಬ, ಅದರ ಮೈತುಂಬ ರಬ್ಬರ್ ಗುಂಡಿಗಳು. ಜೊತೆಗೆ ಒಂದು ಟೇಪ್ ರೆಕಾರ್ಡರು. ಡಬ್ಬವನ್ನು ನಮ್ಮ ಕಪ್ಪು-ಬಿಳುಪು ಟಿವಿಗೆ ಸಿಕ್ಕಿಸಿದರೆ ಪರದೆ ಮೇಲೆ ಒಂದು ಹುಳು ಓಡಾಡುತ್ತಿತ್ತು. ಗುಂಡಿ ಒತ್ತಿ ಅದಕ್ಕೆ ಊಟ ಮಾಡಿಸಬೇಕು, ಗೋಡೆಗೆ ಹಾಯದ ಹಾಗೆ ಕಾಯಬೇಕು. ಅಷ್ಟೇ ಆಟ. ನಾನು ಅದರ ಮುಂದೆ ಕೂತವಳು ಊಟಕ್ಕೆ ಏಳಲಿಲ್ಲ, ಸ್ನಾನಕ್ಕೆ ಏಳಲಿಲ್ಲ, ಅಮ್ಮ ಬೆನ್ನಿಗೆ ಗುದ್ದಿದ ಮೇಲೂ ಏಳಲಿಲ್ಲ.

ಆಮೇಲೆ ಗೊತ್ತಾಯಿತು, ಅದು ನನಗೆ ತಂದದ್ದೇ ಅಲ್ಲ. ದೊಡ್ಡ ಮಾವನ ಮಗ ಶ್ರೀವತ್ಸನಿಗೆ ಅಂತ ತಂದದ್ದು. ಶ್ರೀವತ್ಸ ಬಯಲಿನಾಚೆಯ ಊರಿನಲ್ಲಿದ್ದ. ಅಲ್ಲಿ ಸದ್ದು ಒಂದು ಸಲ ಆದರೆ ಮುಗಿಯಿತು. ಲೆಕ್ಕದಲ್ಲಿ ತೊಂಬತ್ತೊಂಬತ್ತು ಬಂದರೆ ಉಳಿದೊಂದು ಎಲ್ಲಿ ಹೋಯಿತು ಅಂತ ಮೇಷ್ಟ್ರನ್ನು ಹುಡುಕಿಕೊಂಡು ಹೋಗುವ ಪೈಕಿ. ಮನೆಯಲ್ಲಿ ಎಲ್ಲರಿಗೂ ಅವನೆಂದರೆ ತಲೆಯಿರುವ ಹುಡುಗ, ನಾನೆಂದರೆ ಬಾಯಿರುವ ಹುಡುಗಿ. ನಾನು ಡಬ್ಬ ಅಪ್ಪಿಕೊಂಡು ಕೂತೆ, ಬಿಡಲಿಲ್ಲ. ಮಾವನ ಮನಸ್ಸು ಮೆತ್ತಗೆ. ಕೊನೆಗೆ ಅವರು ಹೇಳಿದ್ದಿಷ್ಟು: ಮುಂದಿನ ರಜೆಗೆ ಬರುವವರೆಗೂ ಇದು ನಿನ್ನ ಹತ್ತಿರ ಇರಲಿ. ಅಷ್ಟರಲ್ಲಿ ನೀನೇ ಸ್ವಂತವಾಗಿ ಒಂದು ಆಟ ಮಾಡಿ ನನ್ನ ಕೈಲಿ ಆಡಿಸಿದರೆ ಇದು ನಿನ್ನದು. ಇಲ್ಲದಿದ್ದರೆ ಅವತ್ತೇ ಶ್ರೀವತ್ಸನಿಗೆ. ನಾನು ಆಯಿತು ಅಂದುಬಿಟ್ಟೆ. ಆಟ ಮಾಡುವುದು ಅಂದರೆ ಏನು ಅಂತ ನನಗೆ ಆಗ ಗೊತ್ತೂ ಇರಲಿಲ್ಲ.

ಡಬ್ಬದ ಜೊತೆ ಬಂದ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅಪ್ಪನೂ ನಾನೂ ಕೂತು ಗುದ್ದಾಡಿ ಅದರ ಅರ್ಥ ಹಿಂಡಿದೆವು. ಕಂಪ್ಯೂಟರಿಗೆ ಸಾಲು ಸಾಲಾಗಿ ಅಪ್ಪಣೆ ಕೊಡಬೇಕು, ಪ್ರತಿ ಸಾಲಿಗೂ ಒಂದು ನಂಬರು. ಒಂದು ಚುಕ್ಕಿ ತಪ್ಪಿದರೂ ಅದು ಮುಖ ತಿರುಗಿಸಿಕೊಂಡು ಕೂರುತ್ತಿತ್ತು, ಥೇಟು ನನ್ನ ಹಾಗೇ. ಅದಕ್ಕೇ ಇರಬೇಕು, ನಮ್ಮಿಬ್ಬರಿಗೂ ಬೇಗ ಹೊಂದಿಕೊಂಡಿತು. ತಿಂಗಳುಗಟ್ಟಲೆ ಕೂತು ನಾನು ಮಾಡಿದ ಆಟದ ಹೆಸರು ತಟ್ಟೆ ರಾಕ್ಷಸಿ. ಒಬ್ಬ ಹುಡುಗಿ ಬೀದಿಯ ಈ ತುದಿಯಿಂದ ಆ ತುದಿಗೆ ಸದ್ದುಗಳನ್ನು ಆಯ್ದುಕೊಂಡು ಹೋಗಬೇಕು. ಕಂಚಿನ ತಟ್ಟೆ ಹಿಡಿದ ರಾಕ್ಷಸಿ ಅಟ್ಟಿಸಿಕೊಂಡು ಬರುತ್ತಾಳೆ. ಆ ಕಾಲದ ಟಿವಿಯಲ್ಲಿ ರಾಕ್ಷಸಿ ಅಂದರೆ ಒಂದು ಸೊನ್ನೆ, ಹುಡುಗಿ ಅಂದರೆ ಒಂದು ಕೂಡುವ ಗುರುತು, ಸದ್ದುಗಳೆಲ್ಲ ಚುಕ್ಕಿ. ಆದರೂ ಆ ಸೊನ್ನೆ ಹತ್ತಿರ ಬಂದರೆ ಬೀದಿಯ ಮಕ್ಕಳೆಲ್ಲ ಅಯ್ಯಯ್ಯೋ ಅಂತ ಕಿರುಚಿಕೊಳ್ಳುತ್ತಿದ್ದರು.

ರಾಕ್ಷಸಿ ಯಾರು ಅಂತ ಯಾರಿಗೂ ಹೇಳಬೇಕಾಗಿರಲಿಲ್ಲ. ಸರ್ವಮಂಗಳಮ್ಮ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಮದುವೆ ಆಗಿರಲಿಲ್ಲ, ಬೇಕು ಅಂತಲೂ ಅನ್ನಿಸಿರಲಿಲ್ಲವಂತೆ. ನಮ್ಮ ಬೀದಿಯ ಅರ್ಧ ಜನ ಅವರ ಕೈಲಿ ಹುಟ್ಟಿದವರೇ. ನಾನೂ ಅಷ್ಟೇ, ಈ ಭೂಮಿ ಮೇಲೆ ನನಗೆ ಮೊದಲು ಹೊಡೆದವರು ಅವರು, ಬೆನ್ನಿಗೆ ಒಂದು ಬಿಟ್ಟು ಅಳಿಸಿದರಂತೆ. ಎತ್ತರದ ಆಳು, ಗಟ್ಟಿ ಮೈ, ಬಿಗಿದ ತುಟಿ. ಅವರು ಬೀದಿಗೆ ಕಾಲಿಟ್ಟರೆ ಗೋಲಿ ಆಡುವ ಹುಡುಗರು ಗೋಲಿ ಬಿಟ್ಟು ಓಡುತ್ತಿದ್ದರು.

ಯುದ್ಧಕ್ಕೆ ಕಾರಣ ನನ್ನ ಕ್ಯಾಸೆಟ್ಟು. ಆ ಕಂಪ್ಯೂಟರಿಗೆ ನೆನಪೇ ಇರಲಿಲ್ಲ. ಕರೆಂಟು ಹೋದರೆ ಇಡೀ ದಿನದ ಕೆಲಸ ಅಲ್ಲಿಗೆ ಮಣ್ಣು. ಅದಕ್ಕೆ ಆಟವನ್ನು ಸದ್ದು ಮಾಡಿ ಕ್ಯಾಸೆಟ್ಟಿಗೆ ತುಂಬಬೇಕು. ಅದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಕ್ಯಾಸೆಟ್ಟು, ಪ್ರತಿ ಸಲವೂ ಹಳೆಯದನ್ನು ಅಳಿಸಿ ಅದರ ಮೇಲೇ ತುಂಬುತ್ತಿದ್ದೆ. ಬೇಕಾದಾಗ ಆ ಸದ್ದನ್ನು ಕೇಳಿಸಿದರೆ ಕಂಪ್ಯೂಟರಿಗೆ ಎಲ್ಲ ಜ್ಞಾಪಕ ಬರುತ್ತದೆ. ಎಂಥ ಸದ್ದು ಅಂತೀರಿ, ಬೆಕ್ಕಿನ ಬಾಲ ಬಾಗಿಲ ಸಂದಿಗೆ ಸಿಕ್ಕಿದ ಹಾಗೆ, ಕೀಂಯ್ ಅಂತ ಶುರುವಾದರೆ ಕಿವಿ ಕೊರೆದು ತಲೆಯೊಳಗೆ ಹೋಗುತ್ತಿತ್ತು. ಸರಿಯಾಗಿ ತುಂಬಿದೆಯೋ ಇಲ್ಲವೋ ಅಂತ ನೋಡುವುದಕ್ಕೆ ನನ್ನದೇ ಒಂದು ದಾರಿ ಇತ್ತು. ವೈರು ಕಿತ್ತುಹಾಕಿ, ಜಗಲಿಯಲ್ಲಿ ರೆಕಾರ್ಡರಿಗೆ ಕಿವಿ ಹಚ್ಚಿ, ಇಡೀ ಕ್ಯಾಸೆಟ್ಟನ್ನು ಜೋರಾಗಿ ಕೇಳುತ್ತಿದ್ದೆ. ಎಲ್ಲಾದರೂ ಸದ್ದು ಮುಗ್ಗರಿಸಿದರೆ ನನಗೆ ತಿಳಿದುಬಿಡುತ್ತಿತ್ತು. ಮಧ್ಯಾಹ್ನ ಊಟ ಮಾಡಿ ಊರೆಲ್ಲ ಮಲಗಿದ ಹೊತ್ತಿನಲ್ಲಿ, ಒಂದು ದಿನ ಬಿಟ್ಟು ಒಂದು ದಿನ, ಇದು ನನ್ನ ವ್ರತ. ಮಧ್ಯದ ದಿನ ಹಾಕುವ ಹಾಗಿರಲಿಲ್ಲ, ಹಿಂದಿನ ದಿನದ ಕೀಚಲು ಬಂದು ಕಲಸಿಕೊಳ್ಳುತ್ತಿತ್ತು.

ಆ ಮಧ್ಯದ ದಿನಗಳಲ್ಲಿ ಕೀಚಲು ಮರಳಿ ಬರುವುದೇ ತಡ, ಗೋಡೆಯಾಚೆಯಿಂದ ಸರ್ವಮಂಗಳಮ್ಮನವರ ತಟ್ಟೆ ಶುರುವಾಗುತ್ತಿತ್ತು. ಡಣ ಡಣ ಡಣ ಅಂತ, ಕೀಚಲು ಮುಗಿಯುವವರೆಗೂ, ಒಂದು ಕ್ಷಣ ಬಿಡುವಿಲ್ಲದೆ. ಬೇರೆಯವರ ಸದ್ದಿಗೆ ತಟ್ಟೆ ಬಡಿಯುವುದು ಅಂದರೆ ಮುಖಕ್ಕೆ ಹೊಡೆದ ಹಾಗೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೀಚಲು ಹಾಕಿದ ದಿನ ತುಟಿ ಪಿಟಕ್ ಅನ್ನದವರು ಮರುದಿನ ಯಾಕೆ ಹೀಗೆ ಆಡುತ್ತಾರೆ ಅನ್ನುವ ಪ್ರಶ್ನೆ ನನಗಾಗಲಿ, ಬೀದಿಯಲ್ಲಿ ಇನ್ನು ಯಾರಿಗೇ ಆಗಲಿ ಹೊಳೆಯಲಿಲ್ಲ. ತಟ್ಟೆಯ ವಿಷಯ ಕೇಳಬಾರದು ಅಂತ ಕಲಿತ ಊರು, ಯೋಚಿಸುವುದನ್ನೂ ಬಿಟ್ಟಿತ್ತು ಅಂತ ಕಾಣುತ್ತದೆ. ನಾನು ಒಳಗೆ ಹೋಗಿ ಆಟದ ರಾಕ್ಷಸಿಗೆ ಇನ್ನೊಂದಿಷ್ಟು ಕೆಟ್ಟ ಬುದ್ಧಿ ಸೇರಿಸುತ್ತಿದ್ದೆ.

ಮಾವ ಶನಿವಾರ ಬರುತ್ತಾರೆ, ಶ್ರೀವತ್ಸನೂ ಜೊತೆಗಿರುತ್ತಾನೆ ಅಂತ ಸುದ್ದಿ ಬಂತು. ಗುರುವಾರ ಮಧ್ಯಾಹ್ನ ನನ್ನ ಆಟ ಪೂರ್ತಿಯಾಯಿತು. ಕ್ಯಾಸೆಟ್ಟಿಗೆ ತುಂಬಿದೆ. ಜಗಲಿಯಲ್ಲಿ ಕಿವಿ ಹಚ್ಚಿ ಮೊದಲಿಂದ ಕೊನೆಯವರೆಗೆ ಕೇಳಿದೆ, ಎಲ್ಲೂ ಮುಗ್ಗರಿಸಲಿಲ್ಲ. ಒಳಗೆ ಮಲಗಿದ್ದ ಅಜ್ಜಿ ಒಮ್ಮೆ ತಲೆಯೆತ್ತಿ, ಎಲ್ಲೋ ಗುಡುಗಿದ ಹಾಗಾಯಿತಲ್ಲೇ ಅಂದು ಮತ್ತೆ ಮಲಗಿತು. ಬಿಸಿಲು ಕಾಯುತ್ತಿದ್ದ ಆಕಾಶದಲ್ಲಿ ಎಲ್ಲಿಯ ಗುಡುಗು ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿಸುವಾಗ ರೆಕಾರ್ಡರು ಕರಕರ ಅಂದಿತು. ಮುಚ್ಚಳ ತೆಗೆದರೆ ಟೇಪು ಶಾವಿಗೆಯಂತೆ ಹೊರಗೆ ಬಂದು ಚಕ್ರಕ್ಕೆಲ್ಲ ಸುತ್ತಿಕೊಂಡಿತ್ತು. ಬಿಡಿಸುವುದಕ್ಕೆ ಪೆನ್ಸಿಲ್ ತರಲು ಓಡಿದೆ. ಅಷ್ಟರಲ್ಲಿ ಎದ್ದು ಬಂದ ಅಜ್ಜಿ, ಪಾಪ, ಉಪಕಾರ ಮಾಡೋಣ ಅಂತ ಹಿಡಿದು ಎಳೆದುಬಿಟ್ಟಿತು. ಟೇಪು ಕಿತ್ತು ಬಂತು, ನಾಕಾರು ಕಡೆ ತುಂಡಾಗಿ. ಹೋಗಲಿ, ಆಟ ಇನ್ನೂ ಕಂಪ್ಯೂಟರಿನಲ್ಲೇ ಇದೆಯಲ್ಲ, ಬೇರೆ ಕ್ಯಾಸೆಟ್ಟಿಗೆ ತುಂಬಿದರಾಯಿತು ಅಂತ ಒಳಗೆ ತಿರುಗಿ ನೋಡುತ್ತೇನೆ, ಪರದೆ ಕಪ್ಪಾಗಿದೆ. ಕರೆಂಟು ಹೋಗಿತ್ತು.

ನಾನು ಜಗಲಿಯಲ್ಲಿ ಬಿದ್ದು ಹೊರಳಾಡಿ ಅತ್ತೆ. ಮತ್ತೆ ಅಷ್ಟೂ ಸಾಲು ಬರೆಯಬೇಕೆಂದರೆ ಇನ್ನೆಷ್ಟು ತಿಂಗಳೋ. ಮಾವ ನಾಡಿದ್ದು ಬರುತ್ತಾರೆ, ಡಬ್ಬ ಶ್ರೀವತ್ಸನ ಕಂಕುಳಲ್ಲಿ ಹೋಗುತ್ತದೆ. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮೂಲೆ ಸೇರಿತು. ಅಪ್ಪ ಮಾತು ಕಮ್ಮಿ ಆಡುವ ಮನುಷ್ಯ. ನನ್ನ ಪಕ್ಕ ಕೂತು, ತಲೆ ಸವರಿ, ಊರಿನವರೆಲ್ಲ ಹೇಳುವುದನ್ನೇ ಹೇಳಿದರು.

"ಅಳಬೇಡ ಕುಮ್ಮಿ. ನಾಳೆ ಇನ್ನೊಂದು ಸಲ ಕೇಳಬೇಕಾಗುತ್ತೆ."

ನಾನು ಎದ್ದು ಕೂತೆ. ನಾಳೆ ಇದೇ ಜಗಲಿಯಲ್ಲಿ ನನ್ನ ಅಳು ಕೇಳಿಸುತ್ತದೆ. ಅದಕ್ಕೆ ಮೊದಲು ಕೀಚಲು ಕೇಳಿಸುತ್ತದೆ. ಮೊದಲಿಂದ ಕೊನೆಯವರೆಗೆ, ಒಂದು ಚೂರೂ ಬಿಡದೆ, ನನ್ನ ಆಟ ಪೂರ್ತಿ ಗಾಳಿಯಲ್ಲಿ ಮರಳಿ ಬರುತ್ತದೆ. ಆಗ ರೆಕಾರ್ಡರು ಹಚ್ಚಿ ಹಿಡಿದುಕೊಂಡರೆ ಆಯಿತು. ಅಪ್ಪನಿಗೆ ಹೇಳಿದೆ. ಅಪ್ಪ ನನ್ನ ಮುಖ ನೋಡಿ, ಆಮೇಲೆ ಗೋಡೆಯ ಕಡೆ ನೋಡಿದರು. ಇಬ್ಬರಿಗೂ ಒಂದೇ ಯೋಚನೆ ಬಂದಿತ್ತು. ನಾಳೆ ತಟ್ಟೆಯ ದಿನ.

ಅವರ ಮನೆಗೆ ನಾನೊಬ್ಬಳೇ ಹೋದೆ. ದೊಡ್ಡವರು ಬಂದರೆ ಮರ್ಯಾದೆಯ ಪ್ರಶ್ನೆಯಾಗುತ್ತೆ, ನೀನೇ ಹೋಗು ಅಂತ ಅಮ್ಮ ತಳ್ಳಿದಳು. ಸರ್ವಮಂಗಳಮ್ಮ ಹಿತ್ತಲಲ್ಲಿ ಒಗೆದ ಬಟ್ಟೆ ಎತ್ತಿಡುತ್ತಿದ್ದರು. ನಾನು ನಡೆದದ್ದೆಲ್ಲ ಒಂದೇ ಉಸಿರಿಗೆ ಒದರಿ, ನಾಳೆ ಒಂದೇ ಒಂದು ದಿನ ತಟ್ಟೆ ಬಡೀಬೇಡಿ ನರ್ಸಮ್ಮ ಅಂತ ಕೇಳಿಕೊಂಡೆ. ಅವರ ಮುಖ ಬಿಳುಚಿತು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಒಗೆದ ಬಟ್ಟೆ ತೊಡೆಯ ಮೇಲಿಟ್ಟುಕೊಂಡು ಕಟ್ಟೆ ಮೇಲೆ ಕೂತುಬಿಟ್ಟರು. ಪೂರ್ತಿ ಬೇಕಾ, ಮಧ್ಯೆ ಒಂದು ಸ್ವಲ್ಪ ಹೊತ್ತು ಬಡಿದರೆ ಆಗಲ್ಲವಾ ಅಂತ ಕೇಳಿದರು. ಒಂದೇ ಒಂದು ಸಲ ಬಡಿದರೂ ಎಲ್ಲ ಹಾಳು ಅಂದೆ. ಇವರು ಇಷ್ಟು ಒದ್ದಾಡುವುದು ಯಾಕೆ ಅಂತ ನನಗೆ ಅರ್ಥವಾಗಲಿಲ್ಲ, ಕೇಳುವ ಹಾಗೂ ಇರಲಿಲ್ಲ. ಅವರು ಕತ್ತೆತ್ತಿದರು.

"ಏನು ಆಟ ಅದು? ಏನಿದೆ ಅದರಲ್ಲಿ?"

ಸುಳ್ಳು ಹೇಳಬಹುದಿತ್ತು. ಆ ಕಣ್ಣಿನ ಮುಂದೆ ಸುಳ್ಳು ನಾಲಿಗೆಗೆ ಬರಲಿಲ್ಲ. "ಒಬ್ಬಳು ರಾಕ್ಷಸಿ ಇದ್ದಾಳೆ. ಕಂಚಿನ ತಟ್ಟೆ ಹಿಡ್ಕೊಂಡು ಎಲ್ಲರನ್ನೂ ಅಟ್ಟಿಸ್ಕೊಂಡು ಬರ್ತಾಳೆ. ಅದು ನೀವೇ."

ಗಾಳಿಗೆ ತಂತಿಯ ಮೇಲಿನ ಸೀರೆ ಪಟಪಟ ಅಂದಿತು.

"ನಾನು ಗೆಲ್ತೀನೋ, ಸೋಲ್ತೀನೋ?"

"ಗೆಲ್ಲೋದು ನೀವೇ. ನಾನೊಬ್ಬಳು ಮಾತ್ರ ಒಂದೊಂದು ಸಲ ತಪ್ಪಿಸ್ಕೋತೀನಿ."

ಅವರ ತುಟಿಯ ತುದಿ ಸ್ವಲ್ಪ ಅಲುಗಿತು. ನೋಡೋಣ, ಹೋಗು ಅಂದು ಬಟ್ಟೆ ಎತ್ತಿಕೊಂಡು ಒಳಗೆ ಹೋದರು.

ಶುಕ್ರವಾರ ಬೆಳಿಗ್ಗೆಯಿಂದ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಖಾಲಿ ಕ್ಯಾಸೆಟ್ಟು ಅಂಗಡಿಯಲ್ಲಿ ಸಿಗಲಿಲ್ಲ. ಸದ್ದು ತಾನಾಗಿ ಮರಳಿ ಬರುವ ಊರಿನಲ್ಲಿ ಅದನ್ನು ಯಾರು ಕೊಳ್ಳುತ್ತಾರೆ. ಅಜ್ಜಿ ತನ್ನ ಪೆಟ್ಟಿಗೆ ತೆರೆದು, ಮಾವ ತಂದುಕೊಟ್ಟಿದ್ದ ದೇವರನಾಮದ ಕ್ಯಾಸೆಟ್ಟನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಿತು. ದೇವರಿಗೇನು, ಇನ್ಯಾರಾದರೂ ಹಾಡ್ತಾರೆ ತಗೋ ಅಂದಿತು. ಅಂಥ ಕ್ಯಾಸೆಟ್ಟಿನ ಮೇಲೆ ಇನ್ನೊಂದು ಸದ್ದು ತುಂಬಬೇಕಾದರೆ ಅದರ ಬೆನ್ನಿನ ತೂತಿಗೆ ಕಾಗದ ತುರುಕಬೇಕು. ನಾನು ಹಾಗೆ ಮಾಡಿದೆ. ಮತ್ತೆ ಕರೆಂಟು ಕೈಕೊಟ್ಟರೆ ಅಂತ ರೆಕಾರ್ಡರಿಗೆ ಹೊಸ ಸೆಲ್ ಹಾಕಿದೆ. ಅಮ್ಮ ಕುಕ್ಕರನ್ನು ಬೆಳಿಗ್ಗೆಯೇ ಕೂಗಿಸಿ ಮುಗಿಸಿದಳು.

ಅಪ್ಪ ಬೀದಿಯ ಮನೆಮನೆಗೂ ಹೋದರು. ಜಾಸ್ತಿ ಮಾತಾಡದ ಮನುಷ್ಯ ಬಾಗಿಲಿಗೆ ಬಂದು ಕೈಕಟ್ಟಿ ನಿಂತಿದ್ದು ನೋಡಿ ಜನಕ್ಕೆ ಗಾಬರಿಯೇ ಆಯಿತಂತೆ. ಮಧ್ಯಾಹ್ನ ಅಷ್ಟು ಹೊತ್ತು ಯಾರೂ ಬಾಯಿ ಬಿಡಬಾರದು, ಬಾವಿಯ ರಾಟೆ ಎಳೆಯಬಾರದು, ಮಗುವಿಗೆ ಮೊದಲೇ ಹಾಲು ಕುಡಿಸಿ ಮಲಗಿಸಬೇಕು ಅಂತ ಕೇಳಿಕೊಂಡರು. ಎಲ್ಲರೂ ಒಪ್ಪಿದರು. ತಟ್ಟೆ ರಾಕ್ಷಸಿ ಆಡದ ಮಗು ಆ ಬೀದಿಯಲ್ಲಿ ಇರಲಿಲ್ಲ. ಉಳಿದದ್ದು ಕಾಗೆಗಳ ಕಾಟ. ಅದಕ್ಕೂ ಅಪ್ಪನೇ ಒಂದು ಪಾತ್ರೆ ಅನ್ನ ಹೊತ್ತುಕೊಂಡು ಹೋಗಿ ಹಿಂದಿನ ಬೀದಿಯಲ್ಲಿ ಸುರಿದು ಬಂದರು. ಹಿಂದಿನ ಬೀದಿಯವರು ಇವತ್ತು ಯಾರ ತಿಥಿ ಅಂತ ಕೇಳಿದರಂತೆ.

ಹೊತ್ತು ಹತ್ತಿರವಾದಂತೆ ಜನ ಮನೆಯೊಳಗೆ ಕೂರಲಾರದೆ ಬೀದಿಗೆ ಬಂದರು. ಒಬ್ಬೊಬ್ಬರೇ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ, ನಮ್ಮ ಮನೆಯ ಮುಂದೆ ಬಂದು ನಿಂತರು. ನಾನು ಜಗಲಿಯಲ್ಲಿ ನಿನ್ನೆ ಕಿವಿಯಿಟ್ಟಿದ್ದ ಜಾಗದಲ್ಲೇ ರೆಕಾರ್ಡರ್ ಇಟ್ಟು ಗುಂಡಿ ಒತ್ತಿ, ನನ್ನ ಉಸಿರಾಟ ಕೂಡ ಅದಕ್ಕೆ ಕೇಳಬಾರದು ಅಂತ ಗೇಟಿನ ತನಕ ಹಿಂದೆ ಸರಿದೆ. ಅಲ್ಲಿಂದ ಪಕ್ಕದ ಮನೆ ಚೆನ್ನಾಗಿ ಕಾಣುತ್ತಿತ್ತು. ಸರ್ವಮಂಗಳಮ್ಮ ಹೊರಗೆ ಬಂದರು. ಎಡಗೈಯಲ್ಲಿ ತಟ್ಟೆ, ಬಲಗೈಯಲ್ಲಿ ಸೌಟು.

ಕೀಂಯ್ ಅಂತ ಕೀಚಲು ಬಂತು. ನಿನ್ನೆಯದೇ, ಚೂರೂ ಮಾಸದೆ. ಸರ್ವಮಂಗಳಮ್ಮನವರ ಸೌಟು ಮೇಲೆದ್ದಿತು. ಅಮ್ಮ ನನ್ನ ಭುಜ ಒತ್ತಿ ಹಿಡಿದಳು. ಸೌಟು ಹಾಗೇ ಗಾಳಿಯಲ್ಲಿ ನಿಂತಿತ್ತು. ಅವರು ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಸೌಟನ್ನು ನಿಧಾನವಾಗಿ ಕೆಳಗಿಳಿಸಿ, ತಟ್ಟೆಯನ್ನು ಕಂಕುಳಲ್ಲಿ ಇರುಕಿಕೊಂಡು, ಗದ್ದ ಮೇಲೆತ್ತಿ ನಿಂತರು.

ಆಗ ಅವರ ಮನೆಯ ಹಜಾರದಿಂದ, ಖಾಲಿ ಹಜಾರದಿಂದ, ನಿನ್ನೆಯ ಗುಡುಗು ಹೊರಗೆ ಬಂತು.

"ಯಾರಲ್ಲಿ! ಈ ಚಂಡವಿಕ್ರಮನ ರಾಜ್ಯದಲ್ಲಿ ಸೂರ್ಯನೂ ನನ್ನ ಅಪ್ಪಣೆ ಕೇಳಿಯೇ ಮುಳುಗಬೇಕು!"

ಸರ್ವಮಂಗಳಮ್ಮನವರ ದನಿ. ಹೆರಿಗೆ ಕೋಣೆಯಲ್ಲಿ ಹೆಂಗಸರಿಗೆ ಧೈರ್ಯ ಹೇಳಿದ ದನಿ, ಗೋಲಿ ಹುಡುಗರನ್ನು ಓಡಿಸಿದ ದನಿ, ಈಗ ಕಂಪನಿ ನಾಟಕದ ಮಹಾರಾಜನಾಗಿ ಅಬ್ಬರಿಸುತ್ತಿತ್ತು. ಮಂತ್ರಿಯನ್ನು ಗದರಿಸಿತು. ಶತ್ರು ಸೈನ್ಯಕ್ಕೆ ಸವಾಲು ಹಾಕಿತು. ಯಾರದೋ ಮೀಸೆ ಬೋಳಿಸುವುದಾಗಿ ಆಣೆಯಿಟ್ಟಿತು. ನಡುವೆ ಹಾ ಹಾ ಹಾ ಅಂತ ಹೊಟ್ಟೆಯಾಳದಿಂದ ಒಂದು ನಗು ಬೇರೆ. ನನಗೆ ಒಂದೇ ಕ್ಷಣಕ್ಕೆ ಎಲ್ಲ ಹೊಳೆಯಿತು. ನನ್ನ ಕೀಚಲಿನ ದಿನವೇ ಅವರ ನಾಟಕದ ದಿನ. ಆ ಸದ್ದಿನ ಮರೆಯಲ್ಲಿ ಯಾರಿಗೂ ಕೇಳಿಸುವುದಿಲ್ಲ ಅಂತ. ಅವತ್ತು ಯಾರಾದರೂ ಹತ್ತಿರ ಬಂದರೆ ತಾವೇ ಬಾಯಿ ಮುಚ್ಚಬಹುದು, ಮರುದಿನ ತಾನಾಗಿ ಬರುವ ದನಿಯ ಬಾಯಿ ಮುಚ್ಚುವುದಕ್ಕೆ ಆಗುವುದಿಲ್ಲವಲ್ಲ. ಮರುದಿನ ಅವರು ತಟ್ಟೆ ಬಡಿಯುತ್ತಿದ್ದದ್ದು ನನ್ನ ಸದ್ದಿಗಲ್ಲವೇ ಅಲ್ಲ, ತಮ್ಮ ಮಹಾರಾಜನನ್ನು ಮುಚ್ಚಿಡುವುದಕ್ಕೆ.

ಬೀದಿಯ ಪಾಡು ಹೇಳಬೇಕು ನಿಮಗೆ. ಯಾರೂ ನಗುವ ಹಾಗಿಲ್ಲ. ಒಂದು ಕಿಸಕ್ ಅಂದರೂ ನನ್ನ ಆಟ ಹೋಯಿತು. ಟೈಲರ್ ವಜ್ರಪ್ಪ ಟವೆಲನ್ನು ಬಾಯಿಗೆ ತುರುಕಿಕೊಂಡಿದ್ದ, ಕಣ್ಣಲ್ಲಿ ನೀರು ಧಾರಾಕಾರ. ಹೆಂಗಸರು ಒಬ್ಬರ ಬೆನ್ನಿಗೆ ಒಬ್ಬರು ಮುಖ ಒತ್ತಿಕೊಂಡರು. ಮಕ್ಕಳು ತಮ್ಮ ಮೂಗನ್ನು ತಾವೇ ಹಿಡಿದುಕೊಂಡು ಕೆಂಪಾಗಿದ್ದರು. ಅಪ್ಪ ಆಕಾಶ ನೋಡುತ್ತಿದ್ದರು. ಆದರೆ ಸ್ವಲ್ಪ ಹೊತ್ತು ಹೋದ ಮೇಲೆ ಏನಾಯಿತೋ, ನಗು ತಡೆಯುವ ಅವಸ್ಥೆಯೇ ಇಲ್ಲವಾಯಿತು. ಜನ ಕೇಳತೊಡಗಿದರು. ಮಹಾರಾಜ ಸೋತ ಯುದ್ಧಭೂಮಿಯಲ್ಲಿ ಒಬ್ಬನೇ ನಿಂತು ಸತ್ತ ಕುದುರೆಯ ಜೊತೆ ಮಾತಾಡುತ್ತಿದ್ದ. ವಜ್ರಪ್ಪ ಬಾಯಿಂದ ಟವೆಲ್ ತೆಗೆದು ಕಣ್ಣೊರೆಸಿಕೊಂಡ. ಬಿಸಿಲಲ್ಲಿ ಸರ್ವಮಂಗಳಮ್ಮ ತಟ್ಟೆ ಇರುಕಿಕೊಂಡು ನಿಂತೇ ಇದ್ದರು, ತಮ್ಮ ದನಿಯನ್ನು ತಾವೇ ಮೊದಲ ಸಲ ಪೂರ್ತಿಯಾಗಿ ಕೇಳಿಸಿಕೊಳ್ಳುತ್ತಾ.

ಕೀಚಲು ನಿಂತಿತು. ನಾನು ಓಡಿಹೋಗಿ ರೆಕಾರ್ಡರಿನ ಗುಂಡಿ ಎತ್ತಿದೆ. ಮೊದಲು ಕೈ ತಟ್ಟಿದ್ದು ಅಪ್ಪ. ಆಮೇಲೆ ವಜ್ರಪ್ಪ, ಆಮೇಲೆ ಇಡೀ ಬೀದಿ. ಅಷ್ಟರಲ್ಲಿ ಜಗಲಿಯಲ್ಲಿ ನಿನ್ನೆಯ ನನ್ನ ಅಳು ಭೋರೆಂದು ಶುರುವಾಯಿತು. ಯಾರೂ ಕೇಳುವವರಿಲ್ಲ ಅದನ್ನು. ಚಪ್ಪಾಳೆ ಅದರ ಮೇಲೆ ಬಿದ್ದು ಉರುಳಾಡಿ, ಅಳು ಮುಗಿದ ಮೇಲೂ ಬಹಳ ಹೊತ್ತು ನಿಲ್ಲಲಿಲ್ಲ. ಸರ್ವಮಂಗಳಮ್ಮನವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ನನ್ನ ಕಡೆ ತಿರುಗಿ, ನಿನ್ನ ಸದ್ದು ಸಿಕ್ಕಿತಾ ಅಂತ ಸನ್ನೆಯಲ್ಲಿ ಕೇಳಿದರು. ಸಿಕ್ಕಿತು ಅಂತ ತಲೆಯಾಡಿಸಿದೆ. ಸರಸರ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ಅಜ್ಜಿ ಹೇಳಿತು: ಸರ್ವಮಂಗಳಮ್ಮನವರು ವಯಸ್ಸಿಗೆ ಬಂದ ಕಾಲದಲ್ಲಿ ಊರಿಗೆ ನಾಟಕದ ಕಂಪನಿ ಬಂದಿತ್ತಂತೆ. ಸರ್ವಮಂಗಳ ಡೇರೆಯೊಳಗೆ ನುಗ್ಗಿ, ನನಗೆ ರಾಜನ ಪಾರ್ಟು ಕೊಡಿ ಅಂತ ಯಜಮಾನನ ಮುಂದೆ ನಿಂತಳಂತೆ. ಬೇಕಾದರೆ ದಾಸಿಯ ಪಾರ್ಟು ಮಾಡು ಅಂತ ಅವನು ನಕ್ಕನಂತೆ. ಆ ನಗು ಮರುದಿನ ಇನ್ನೊಮ್ಮೆ ಕೇಳಿಸಿತಲ್ಲ, ಅವತ್ತೇ ಅವಳು ಮೊದಲ ಸಲ ತಟ್ಟೆ ಬಡಿದದ್ದು ಅಂತ ಅಜ್ಜಿ ನಿಟ್ಟುಸಿರು ಬಿಟ್ಟಿತು.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಕೇಳಿಸಿದೆ. ಅಪ್ಪ, ಅಮ್ಮ, ಅಜ್ಜಿ ಹಿಂದೆ ಸಾಲಾಗಿ ಕೂತಿದ್ದರು. ಪರದೆಯ ಮೇಲೆ ನನ್ನ ಸಾಲುಗಳು ಒಂದರ ಕೆಳಗೊಂದು ಇಳಿದವು. ಬಹುಪಾಲು ಸರಿಯಾಗಿದ್ದವು. ಮಹಾರಾಜ ಜೋರಾಗಿ ಅಬ್ಬರಿಸಿದ ಕಡೆ ಮಾತ್ರ ಅಕ್ಷರಗಳು ಕಲಸಿ ಹೋಗಿದ್ದವು, ಹಾ ಹಾ ಹಾ ನಗು ಬಿದ್ದ ಕಡೆ ಒಂದು ಸಾಲು ಪೂರ್ತಿ ಅಂಕುಡೊಂಕು. ನನ್ನ ಆಟ ನನಗೆ ಗೊತ್ತಿಲ್ಲವಾ? ಒಂದೊಂದನ್ನೇ ತಿದ್ದಿ ಸರಿಮಾಡಿದೆ. ಆದರೂ ಆಡಿಸಿ ನೋಡಿದರೆ ರಾಕ್ಷಸಿ ಮೊದಲಿನ ಹಾಗಿರಲಿಲ್ಲ. ಗಾಳಿಯಂತೆ ನುಗ್ಗಿ ಬಂದಳು. ಹುಡುಕಿದರೆ, ಅವಳ ಓಟದ ಸಾಲಿನಲ್ಲಿ ಒಂದೇ ಒಂದು ಅಂಕಿ ಬದಲಾಗಿತ್ತು. ಅದನ್ನು ಅಳಿಸುವುದಕ್ಕೆ ಬೆರಳು ಎತ್ತಿದವಳು ಹಾಗೇ ಕೆಳಗಿಳಿಸಿದೆ. ಆ ಅಂಕಿ ಇವತ್ತಿಗೂ ಹಾಗೇ ಇದೆ.

ಶನಿವಾರ ಮಾವ ಬಂದರು, ಜೊತೆಗೆ ಇಸ್ತ್ರಿ ಮಾಡಿದ ಅಂಗಿಯ ಶ್ರೀವತ್ಸ. ಅವನು ಬರುವಾಗಲೇ ಡಬ್ಬ ತುಂಬಿಕೊಳ್ಳಲು ಚೀಲ ತಂದಿದ್ದ. ಊಟವಾದ ಮೇಲೆ ಆಟ ಹಾಕಿದೆ. ಶ್ರೀವತ್ಸ ಮೊದಲು ಕೂತ. ಕೂತವನು ಒಂದು ಚುಕ್ಕಿ ಆಯುವಷ್ಟರಲ್ಲಿ ರಾಕ್ಷಸಿ ಬಂದು ಬಡಿದಳು. ಇನ್ನೊಮ್ಮೆ ಆಡಿದ, ಮತ್ತೊಮ್ಮೆ ಆಡಿದ. ಇದರಲ್ಲಿ ಏನೋ ತಪ್ಪಿದೆ ಅಂದ. ತಪ್ಪಿದ್ದರೆ ಹುಡುಕಿ ತೋರಿಸು ಅಂದೆ. ಮಾವ ಅವನನ್ನು ಪಕ್ಕಕ್ಕೆ ಸರಿಸಿ ತಾವೇ ಕೂತರು. ಸಮುದ್ರದಲ್ಲಿ ಬಿರುಗಾಳಿ ಕಂಡ ಮನುಷ್ಯ ಒಂದು ಸೊನ್ನೆಯ ಮುಂದೆ ಬೆವತುಹೋದರು. ಸೋತು ಸೋತು, ಕೊನೆಗೆ ಕುರ್ಚಿಗೆ ಒರಗಿ ಜೋರಾಗಿ ನಕ್ಕುಬಿಟ್ಟರು.

"ಯಾರೇ ಇವಳು? ಇವಳನ್ನ ಸೋಲಿಸೋರು ಯಾರಾದ್ರೂ ಇದ್ದಾರಾ?"

ಇಲ್ಲ ಅಂದೆ. ಈಗ ನನ್ನ ಕೈಲೂ ಆಗಲ್ಲ ಅಂದೆ. ಮಾವ ಆ ಕಪ್ಪು ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ತೊಡೆಯ ಮೇಲಿಟ್ಟರು. ಇನ್ನು ಇದು ಕುಮ್ಮಿಯದು, ಯಾರೂ ಕೇಳುವ ಹಾಗಿಲ್ಲ ಅಂದರು. ಅಮ್ಮನ ಮುಖ ನೋಡಬೇಕಿತ್ತು, ಬಾಯಿರುವ ಹುಡುಗಿಯ ಅಮ್ಮನ ಮುಖ. ಶ್ರೀವತ್ಸ ಖಾಲಿ ಚೀಲವನ್ನು ಮಡಿಸಿ ಜೇಬಿಗಿಟ್ಟುಕೊಂಡ. ಆಮೇಲೆ ಸಣ್ಣ ದನಿಯಲ್ಲಿ, ರಜಾ ಬಂದಾಗ ನಾನೂ ಆಡಬಹುದಾ ಅಂತ ಕೇಳಿದ. ಬೀದಿ ಮಕ್ಕಳ ಹಿಂದೆ ಸಾಲಲ್ಲಿ ನಿಲ್ಲುವುದಾದರೆ ಬಾ ಅಂದೆ. ಅಷ್ಟು ಖುಷಿ ನನಗೆ ಆಮೇಲೆ ಎಷ್ಟೋ ಗೆದ್ದರೂ ಆಗಿಲ್ಲ.

ಅದೇ ಹೊತ್ತಿಗೆ ಹೊರಗೆ ಬೀದಿಯಲ್ಲಿ ಒಬ್ಬರು ಕೈ ತಟ್ಟಿದರು. ಆಮೇಲೆ ಇನ್ನೊಬ್ಬರು. ಆಮೇಲೆ ನೂರಾರು ಕೈಗಳು ಒಟ್ಟಿಗೆ. ಶ್ರೀವತ್ಸ ಬೆಚ್ಚಿಬಿದ್ದು ಜಗಲಿಗೆ ಓಡಿದ, ಹಿಂದೆಯೇ ನಾನು. ಬೀದಿ ಖಾಲಿ. ಬಿಸಿಲಿನಲ್ಲಿ ಒಂದು ನರಪಿಳ್ಳೆ ಇಲ್ಲ, ಚಪ್ಪಾಳೆ ಮಾತ್ರ ಜಡಿಮಳೆಯ ಹಾಗೆ ಸುರಿಯುತ್ತಿತ್ತು. ನನ್ನ ಅಳು ನಿನ್ನೆಗೇ ಮುಗಿದಿತ್ತು. ಇವತ್ತು ಬಂದದ್ದು ಬರೀ ಚಪ್ಪಾಳೆ.

"ಯಾರೂ ಇಲ್ವಲ್ಲ," ಶ್ರೀವತ್ಸ ಅಂದ. "ಯಾರಿಗೆ ಇದು?"

ನಾನು ಅವನ ಕತ್ತು ಹಿಡಿದು ಪಕ್ಕದ ಮನೆಯ ಕಡೆ ತಿರುಗಿಸಿದೆ. ಸರ್ವಮಂಗಳಮ್ಮನವರ ಬಾಗಿಲು ತೆರೆಯಿತು. ಅವರು ರೇಷ್ಮೆ ಸೀರೆ ಉಟ್ಟಿದ್ದರು, ತುರುಬಿಗೆ ಹೂ ಮುಡಿದಿದ್ದರು. ಹಣೆಯ ಮೇಲೆ ಉದ್ದಕ್ಕೆ ಎಳೆದ ಕುಂಕುಮದ ತಿಲಕ, ಥೇಟು ರಾಜರು ಇಡುವಂಥದ್ದು. ಕೈಯಲ್ಲಿ ತಟ್ಟೆ ಇರಲಿಲ್ಲ. ಅದು ಅವರ ಹಿಂದೆ ಗೋಡೆಯ ಮೊಳೆಯಲ್ಲಿ ಸುಮ್ಮನೆ ನೇತಾಡುತ್ತಿತ್ತು. ಮೆಟ್ಟಿಲಿಳಿದು ಗೇಟಿನ ಹತ್ತಿರ ಬಂದು, ಎಡಗೈ ಸೊಂಟದ ಮೇಲಿಟ್ಟು, ಬಲಗೈಯನ್ನು ಪ್ರಜೆಗಳ ಕಡೆಗೆ ಒಂದಿಷ್ಟೇ ಎತ್ತಿ ಹಿಡಿದು, ಚಪ್ಪಾಳೆ ಮುಗಿಯುವವರೆಗೂ ಹಾಗೇ ನಿಂತಿದ್ದರು.